ದಾನಕ್ಕೂ ದಾಸೋಹಕ್ಕೂ ನಡುವಿನ ದೂರ: ಜಗತ್ತಿನ ಅಸಮಾನತೆಯನ್ನು ಕಲಬುರಗಿಯಿಂದ ನೋಡಿದರೆ

ಹೋಳಿ ಆದ ಐದನೇ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು. ಚಿಕ್ಕವಳಿದ್ದಾಗಿನ ಆ ಜಾತ್ರೆಯಲ್ಲಿ ನನಗೆ ತೇರಿಗಿಂತ ಊಟದ ನೆನಪೇ ಜಾಸ್ತಿ. ಅಜ್ಜಿ ಕೈ ಹಿಡಿದು ಕರೆದುಕೊಂಡು ಹೋಗಿ ಪಂಕ್ತಿಯಲ್ಲಿ ಕೂರಿಸುತ್ತಿದ್ದಳು. ಪಕ್ಕದಲ್ಲಿ ಕೂತವರು ಯಾರು, ಯಾವ ಊರಿನವರು ಅಂತ ಯಾರೂ ಕೇಳುತ್ತಿರಲಿಲ್ಲ. ಬಡಿಸುವವರು ಸೊಂಟ ಬಗ್ಗಿಸಿ ಬರುತ್ತಿದ್ದರು. "ಇನ್ನಾ ಸ್ವಲ್ಪ ಹಾಕಿಸ್ಕೊಳ್ರಿ" ಅಂತ ಅವರೇ ನಮ್ಮನ್ನು ಬೇಡಿಕೊಳ್ಳುತ್ತಿದ್ದರು. ಒಮ್ಮೆ ಉಂಡು ಎದ್ದ ಮೇಲೆ ನಾನು ಬಡಿಸಿದವರಿಗೆ ಕೈಮುಗಿಯಲು ಹೋದೆ. ಅಜ್ಜಿ ತಡೆದಳು. "ಅವ್ರು ನಮಗ ಕೈ ಮುಗೀತಾರ ನೋಡು. ನಾವು ಬಂದು ಉಂಡೀವಲ್ಲ" ಎಂದಳು. ಆಗ ನನಗೆ ಅದು ತಲೆಕೆಳಗಾದ ಮಾತು ಅನ್ನಿಸಿತ್ತು.

ಇನ್ನೊಂದು ನೆನಪು 2020ರ ಲಾಕ್‌ಡೌನ್‌ನದು. ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗಿದ್ದ ನಮ್ಮ ಮಂದಿ ವಾಪಸ್ ಬರುತ್ತಿದ್ದ ದಿನಗಳು. ನಮ್ಮ ಓಣಿಯಲ್ಲಿ ಒಂದು ಸಂಘದವರು ಅಕ್ಕಿ, ಬೇಳೆ, ಎಣ್ಣೆಯ ಕಿಟ್ ಹಂಚಿದರು. ಒಳ್ಳೆಯ ಕೆಲಸವೇ. ಆದರೆ ಪ್ರತಿ ಚೀಲಕ್ಕೂ ಒಂದು ಫೋಟೊ. ಮನೆಗೆಲಸ ಮಾಡುವ ಒಬ್ಬ ಹೆಂಗಸು ಚೀಲ ತಗೊಳ್ಳುವಾಗ ಸೆರಗು ಮುಖಕ್ಕೆ ಎಳೆದುಕೊಂಡರು. ಫೋಟೊ ಸರಿ ಬರಲಿಲ್ಲ ಅಂತ ಚೀಲ ವಾಪಸ್ ತಗೊಂಡು ಇನ್ನೊಮ್ಮೆ ಕೊಟ್ಟರು. ಎರಡನೇ ಸಲ ಅವರು ಸೆರಗು ಸರಿಸಿದರು. ಆ ಮುಖ ನನಗೆ ಇಂದಿಗೂ ಮರೆತಿಲ್ಲ.

ಎರಡೂ ಕಡೆ ಕೊಟ್ಟಿದ್ದು ಅನ್ನವೇ. ಒಂದರಲ್ಲಿ ಕೊಡುವವರು ಬಗ್ಗಿದ್ದರು, ಇನ್ನೊಂದರಲ್ಲಿ ತಗೊಳ್ಳುವವರು. ನಮ್ಮ ಭಾಷೆಯಲ್ಲಿ ಇದಕ್ಕೆ ಎರಡು ಬೇರೆ ಪದಗಳೇ ಇವೆ: ದಾಸೋಹ ಮತ್ತು ದಾನ. ಜಗತ್ತಿನ ಶ್ರೀಮಂತ ದೇಶಗಳು ಬಡ ದೇಶಗಳ ಜೊತೆ ಹೇಗೆ ನಡೆದುಕೊಳ್ಳುತ್ತಿವೆ, ಅದರಲ್ಲಿ ಧರ್ಮಗಳ ಪಾತ್ರ ಏನು, ನಾಯಕರಾದವರು ಏನು ಮಾಡಬೇಕು ಅನ್ನುವ ದೊಡ್ಡ ಪ್ರಶ್ನೆಯನ್ನು ಈ ಎರಡು ಪದಗಳ ನಡುವಿನ ದೂರದಿಂದಲೇ ನೋಡಬಹುದು ಅಂತ ನನಗೆ ಅನ್ನಿಸುತ್ತದೆ.

ನೂರು ಜನ, ನೂರು ರೊಟ್ಟಿ

ಮೊದಲು ಅಸಮಾನತೆ ಎಷ್ಟಿದೆ ಅಂತ ನೋಡೋಣ. ಒಂದು ಪಂಕ್ತಿಯಲ್ಲಿ ನೂರು ಜನ ಕೂತಿದ್ದಾರೆ, ಬುಟ್ಟಿಯಲ್ಲಿ ನೂರು ಜೋಳದ ರೊಟ್ಟಿ ಇವೆ ಅಂದುಕೊಳ್ಳಿ. ರೊಟ್ಟಿ ಅಂದರೆ ಜಗತ್ತಿನ ಒಟ್ಟು ಆಸ್ತಿ. 2022ರ ವಿಶ್ವ ಅಸಮಾನತೆ ವರದಿಯ ಲೆಕ್ಕದಂತೆ ಮೊದಲ ಹತ್ತು ಜನ 76 ರೊಟ್ಟಿ ಎತ್ತಿಕೊಳ್ಳುತ್ತಾರೆ. ನಡುವಿನ ನಲವತ್ತು ಜನಕ್ಕೆ 22. ಕೊನೆಯ ಐವತ್ತು ಜನ ಉಳಿದ 2 ರೊಟ್ಟಿಯನ್ನು ಹರಿದು ಹಂಚಿಕೊಳ್ಳಬೇಕು. ವರ್ಷದ ಆದಾಯದ ಲೆಕ್ಕ ಹಾಕಿದರೂ ಚಿತ್ರ ಬಹಳ ಬದಲಾಗುವುದಿಲ್ಲ. ಮೇಲಿನ ಹತ್ತು ಜನಕ್ಕೆ ನೂರರಲ್ಲಿ 52, ಕೆಳಗಿನ ಐವತ್ತಕ್ಕೆ ಎಂಟೂವರೆ.

ಕಷ್ಟಪಟ್ಟವರಿಗೆ ಜಾಸ್ತಿ ಸಿಕ್ಕಿದೆ, ಸೋಮಾರಿಗಳಿಗೆ ಕಮ್ಮಿ ಅಂತ ಹೇಳುವವರು ಇದ್ದಾರೆ. ಅವರು ಬೇಸಿಗೆಯಲ್ಲಿ ಒಮ್ಮೆ ಯಾದಗಿರಿ ಕಡೆಯ ಹೊಲಕ್ಕೆ ಬರಬೇಕು. ನೆತ್ತಿ ಸುಡುವ ಬಿಸಿಲಿನಲ್ಲಿ ದುಡಿಯುವ ಹೆಣ್ಣುಮಕ್ಕಳಿಗಿಂತ ಜಾಸ್ತಿ ಕಷ್ಟ ಯಾರು ಪಡುತ್ತಾರೆ? ಬ್ರಾಂಕೊ ಮಿಲನೋವಿಚ್ ಎಂಬ ಅರ್ಥಶಾಸ್ತ್ರಜ್ಞರು ಜಗತ್ತಿನ ಆದಾಯದ ಅಂತರವನ್ನು ವರ್ಷಗಟ್ಟಲೆ ಲೆಕ್ಕ ಹಾಕಿದವರು. ಒಬ್ಬ ಮನುಷ್ಯನ ಆದಾಯ ಎಷ್ಟಿರುತ್ತದೆ ಅನ್ನುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ತೀರ್ಮಾನವಾಗುವುದು ಅವನು ಯಾವ ದೇಶದಲ್ಲಿ ಹುಟ್ಟಿದ ಅನ್ನುವುದರಿಂದಲೇ ಅಂತ ಅವರು ತೋರಿಸಿದ್ದಾರೆ. ಹುಟ್ಟಿನಿಂದಲೇ ಪಾಲು ನಿರ್ಧಾರ ಆಗುವುದು ಅಂದರೆ ಏನು ಅಂತ ಕಲ್ಯಾಣದ ನೆಲದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 12ನೇ ಶತಮಾನದಲ್ಲಿ ಇಲ್ಲಿ ನಡೆದ ಜಗಳ ಅದೇ ಅಲ್ವಾ? ಆಗ ಹುಟ್ಟು ಅಂದರೆ ಜಾತಿ ಆಗಿತ್ತು. ಇಂದು ಅದರ ಜೊತೆಗೆ ಪಾಸ್‌ಪೋರ್ಟೂ ಸೇರಿದೆ.

ಕೊಡುವ ಮೊದಲು: ಗಳಿಸಿದ್ದು ಹೇಗೆ?

ದಾಸೋಹದ ಮಾತು ಬಂದಾಗ ನಾವು ಅನ್ನಕ್ಕೆ ನೇರ ಹೋಗಿಬಿಡುತ್ತೇವೆ. ಶರಣರು ಅದಕ್ಕೆ ಮೊದಲು ಕಾಯಕವನ್ನು ಇಟ್ಟಿದ್ದರು. ಕಾಯಕ ಶುದ್ಧವಾಗಿಲ್ಲದಿದ್ದರೆ ಅದರಿಂದ ಮಾಡಿದ ದಾಸೋಹಕ್ಕೂ ಬೆಲೆ ಇಲ್ಲ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಲ್ಯಾಣದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಜಾಸ್ತಿ ತಂದ. ಲಕ್ಕಮ್ಮ ಖುಷಿಪಡಲಿಲ್ಲ. ಇದು ನಮ್ಮ ಪಾಲಿನದಲ್ಲ, ಎಲ್ಲಿಂದ ತಂದೆಯೋ ಅಲ್ಲೇ ಹಾಕಿ ಬಾ ಅಂತ ವಾಪಸ್ ಕಳಿಸಿದಳು. ಜಾಸ್ತಿ ಅಕ್ಕಿಯಿಂದ ಇನ್ನಷ್ಟು ಜನಕ್ಕೆ ಉಣಿಸಬಹುದಿತ್ತಲ್ಲ ಎಂದು ಅವಳು ಯೋಚಿಸಲಿಲ್ಲ. ಅಕ್ಕಿ ಮನೆಗೆ ಬಂದ ದಾರಿಯನ್ನೇ ಮೊದಲು ಕೇಳಿದಳು.

ಈ ಪ್ರಶ್ನೆಯನ್ನು ಇಂದಿನ ದೊಡ್ಡ ಕಂಪನಿಗಳಿಗೆ ಕೇಳಿ ನೋಡೋಣ. ತೆರಿಗೆ ಸ್ವರ್ಗ ಅನ್ನುವ ಪದ ಪೇಪರಿನಲ್ಲಿ ಬರುತ್ತದೆ, ಏನು ಅಂತ ಬಹಳ ಜನಕ್ಕೆ ಗೊತ್ತಾಗುವುದಿಲ್ಲ. ಕಲಬುರಗಿಯ ಒಬ್ಬ ತೊಗರಿ ವ್ಯಾಪಾರಿ ಇದ್ದಾನೆ ಅಂದುಕೊಳ್ಳಿ. ಅವನಿಗೆ ಇಲ್ಲಿ ಲಾಭ ಬಂದರೆ ಇಲ್ಲಿ ತೆರಿಗೆ ಕಟ್ಟಬೇಕು. ಅವನು ತೆರಿಗೆಯೇ ಇಲ್ಲದ ಒಂದು ದೂರದ ಊರಿನಲ್ಲಿ ತಮ್ಮನ ಹೆಸರಿನಲ್ಲಿ ಅಂಗಡಿ ತೆಗೆಯುತ್ತಾನೆ. ತನ್ನ ತೊಗರಿಯನ್ನು ಕೊಂಡ ಬೆಲೆಗೇ ಆ ಅಂಗಡಿಗೆ ಮಾರಿದ ಹಾಗೆ ಬರೆಯುತ್ತಾನೆ. ತೊಗರಿ ಕಲಬುರಗಿಯಿಂದ ಕದಲುವುದೇ ಇಲ್ಲ, ಬಿಲ್ ಮಾತ್ರ ಹೋಗಿಬರುತ್ತದೆ. ತಮ್ಮನ ಅಂಗಡಿ ನಿಜವಾದ ಬೆಲೆಗೆ ಮಾರಿ ಲಾಭ ತೋರಿಸುತ್ತದೆ. ಕಲಬುರಗಿಯ ಪುಸ್ತಕದಲ್ಲಿ ಲಾಭ ಸೊನ್ನೆ, ಇಲ್ಲಿಯ ಶಾಲೆಗೆ, ಆಸ್ಪತ್ರೆಗೆ ಬರಬೇಕಾದ ತೆರಿಗೆಯೂ ಸೊನ್ನೆ. ದೇಶ ದೇಶಗಳ ನಡುವೆ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿರುವುದು ಇದೇ ಆಟ. ಹೀಗೆ ಉಳಿಸಿದ ಹಣದಲ್ಲಿ ಒಂದು ಚೂರು ತೆಗೆದು ಅದೇ ಬಡ ದೇಶದಲ್ಲಿ ಆಸ್ಪತ್ರೆ ಕಟ್ಟಿಸಿದರೆ ಅದು ದಾನ ಅನ್ನಿಸಿಕೊಳ್ಳುತ್ತದೆ. ಲಕ್ಕಮ್ಮ ಇದ್ದಿದ್ದರೆ ಅಕ್ಕಿ ವಾಪಸ್ ಹಾಕಿ ಬಾ ಅನ್ನುತ್ತಿದ್ದಳು.

ಇದನ್ನು ತಡೆಯಲು ಪ್ರಯತ್ನ ನಡೆದಿಲ್ಲ ಎಂದಲ್ಲ. 2021ರ ಅಕ್ಟೋಬರ್‌ನಲ್ಲಿ 136 ದೇಶಗಳು ದೊಡ್ಡ ಕಂಪನಿಗಳ ಮೇಲೆ ಎಲ್ಲೇ ಹೋದರೂ ಕನಿಷ್ಠ ಶೇ 15ರಷ್ಟು ತೆರಿಗೆ ಇರಬೇಕು ಅಂತ ಒಪ್ಪಿದ್ದವು. 2025ರ ಜೂನ್‌ನಲ್ಲಿ ಜಿ7 ಗುಂಪಿನ ಏಳು ಶ್ರೀಮಂತ ದೇಶಗಳು ಅಮೆರಿಕದ ಕಂಪನಿಗಳನ್ನು ಅದರ ಮುಖ್ಯ ನಿಯಮಗಳಿಂದ ಹೊರಗಿಡಲು ಒಪ್ಪಿಕೊಂಡವು. ಬಲ ಇದ್ದವರು ಪಂಕ್ತಿಯ ನಿಯಮದಿಂದ ಎದ್ದು ಹೋಗುವುದು ಹೀಗೆ.

ಮನಸ್ಸು ಬಂದರೆ ಕೊಡುವುದು, ಕೊಡಲೇಬೇಕಾದದ್ದು

ಶರಣಬಸವೇಶ್ವರ ಗುಡಿ ಇರುವ ಊರಿನಲ್ಲೇ ಖ್ವಾಜಾ ಬಂದೇ ನವಾಜರ ದರ್ಗಾ ಇದೆ. ಸುಮಾರು 1400ರ ಹೊತ್ತಿಗೆ, ಎಂಬತ್ತರ ಆಸುಪಾಸಿನ ವಯಸ್ಸಿನಲ್ಲಿ ಕಲಬುರಗಿಗೆ ಬಂದ ಸೂಫಿ ಸಂತರು ಅವರು. ಉರುಸ್‌ಗೆ ಎಲ್ಲ ಧರ್ಮದವರೂ ಹೋಗುತ್ತಾರೆ. ಬೀದರಿಗೆ ಹೋದರೆ ಸಿಖ್ಖರ ಗುರುನಾನಕ್ ಝೀರಾ ಗುರುದ್ವಾರ. ಅಲ್ಲಿ ಎಲ್ಲರಿಗೂ ಉಣಿಸುವ ಲಂಗರ್‌ನ ಒಲೆ ಆರುವುದಿಲ್ಲ. ಮೂರು ಕಡೆಯೂ ಉಂಡವಳು ನಾನು. ಮೂರೂ ಧರ್ಮಗಳು ಕೊಡುವುದನ್ನು ಮನಸ್ಸಿನ ಖುಷಿಗೆ ಬಿಟ್ಟಿಲ್ಲ ಅನ್ನುವುದು ನನಗೆ ತಡವಾಗಿ ಹೊಳೆದ ಸಂಗತಿ.

ಇಸ್ಲಾಮಿನ ಜಕಾತ್ ನೋಡಿ. ಒಂದು ಮಿತಿಗಿಂತ ಜಾಸ್ತಿ ಉಳಿತಾಯ ಒಂದು ಚಾಂದ್ರ ವರ್ಷ ಕೈಯಲ್ಲಿ ಉಳಿದರೆ ಅದರಲ್ಲಿ ನಲವತ್ತನೇ ಒಂದು ಪಾಲು, ಅಂದರೆ ಶೇ 2.5, ಕೊಡಲೇಬೇಕು. ಯಾರಿಗೆ ಕೊಡಬೇಕು ಅಂತಲೂ ಎಂಟು ಬಗೆ ಹೇಳಿದೆ. ಅದರಲ್ಲಿ ಸಾಲದಲ್ಲಿ ಮುಳುಗಿದವರೂ ಇದ್ದಾರೆ. ಖುಷಿಯಿಂದ ಕೊಡುವ ದಾನಕ್ಕೆ ಸದಕಾ ಅಂತ ಬೇರೆಯೇ ಹೆಸರಿದೆ. ಉಳ್ಳವರ ಸ್ವತ್ತಿನಲ್ಲಿ ಇಲ್ಲದವರಿಗೆ ಹಕ್ಕಿದೆ ಅಂತ ಕುರಾನ್ ಹೇಳುತ್ತದೆ. ಹಕ್ಕು ಅನ್ನುವುದೇ ಅಲ್ಲಿಯ ಪದ. ಸಿಖ್ಖರಲ್ಲಿ ದಸ್ವಂದ್, ಗಳಿಕೆಯ ಹತ್ತನೇ ಒಂದು ಪಾಲು. ಕ್ರೈಸ್ತರಲ್ಲೂ ದಶಮಾಂಶ ಇದೆ. ಶರಣರ ದಾಸೋಹಕ್ಕೆ ಶೇಕಡಾ ಲೆಕ್ಕ ಇಲ್ಲ, ಆದರೆ ಅದು ಇನ್ನೂ ಕಠಿಣ. ನಿನ್ನ ಇಂದಿನ ಅಗತ್ಯ ಮುಗಿದ ಮೇಲೆ ಉಳಿದದ್ದು ನಿನ್ನದಲ್ಲವೇ ಅಲ್ಲ.

ಈಗ ಇದನ್ನು ದೇಶಗಳಿಗೆ ಹಚ್ಚಿ ನೋಡಿ. ಶ್ರೀಮಂತ ದೇಶಗಳು ತಮ್ಮ ಆದಾಯದ ಇಂತಿಷ್ಟು ಪಾಲನ್ನು ಬಡ ದೇಶಗಳಿಗೆ ಕೊಡಬೇಕು ಅನ್ನುವ ಯೋಚನೆಯನ್ನು ಮೊದಲು ಮುಂದಿಟ್ಟವರು ಅರ್ಥಶಾಸ್ತ್ರಜ್ಞರಲ್ಲ. 1958ರಲ್ಲಿ ಚರ್ಚುಗಳ ವಿಶ್ವ ಮಂಡಳಿ ಶೇ 1 ಅಂತ ಸೂಚಿಸಿತು. ಚರ್ಚೆ ನಡೆದು ನಡೆದು 1970ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಸರ್ಕಾರಿ ನೆರವಿಗೆ ಶೇ 0.7 ಅಂತ ಗುರಿ ನಿಂತಿತು. ನೂರು ರೂಪಾಯಿಯಲ್ಲಿ ಎಪ್ಪತ್ತು ಪೈಸೆ. ಅರ್ಧ ಶತಮಾನ ದಾಟಿತು. 2024ರಲ್ಲಿ ಆ ಗುರಿ ಮುಟ್ಟಿದ್ದು ನಾರ್ವೆ, ಲಕ್ಸೆಂಬರ್ಗ್, ಸ್ವೀಡನ್, ಡೆನ್ಮಾರ್ಕ್, ನಾಲ್ಕೇ ದೇಶ. ನೆರವು ಕೊಡುವ ಶ್ರೀಮಂತ ದೇಶಗಳ ಒಟ್ಟು ಲೆಕ್ಕ ಶೇ 0.33. ಎಪ್ಪತ್ತು ಪೈಸೆ ಕೊಡುತ್ತೇವೆ ಅಂದವರು ಮೂವತ್ತಮೂರು ಪೈಸೆ ಕೊಟ್ಟಿದ್ದಾರೆ. ಇದು ಗುರಿ ಮಾತ್ರ, ಕಾನೂನು ಅಲ್ಲ. ಕೊಡದಿದ್ದರೆ ಕೇಳುವವರಿಲ್ಲ.

ಮನಸ್ಸಿನ ಮೇಲೆ ನಿಂತ ದಾನ ಒಂದೇ ದಿನದಲ್ಲಿ ನಿಲ್ಲಬಹುದು. ಅದನ್ನೂ ನೋಡಿದೆವು. ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ ಅನ್ನು 2025ರ ಆರಂಭದಲ್ಲೇ ಕಳಚಲು ಶುರುಮಾಡಿದರು, ಜುಲೈ 1ಕ್ಕೆ ಅದು ಅಧಿಕೃತವಾಗಿ ನಿಂತೇ ಹೋಯಿತು. ಆಫ್ರಿಕಾದ ಯಾವುದೋ ಹಳ್ಳಿಯಲ್ಲಿ ಎಚ್‌ಐವಿ ಮಾತ್ರೆಗೆ ಕಾದು ನಿಂತ ತಾಯಿ ಯಾವ ತಪ್ಪು ಮಾಡಿದ್ದಳು? ಅವಳ ಕೈಯಲ್ಲಿ ಒಂದು ಹಕ್ಕುಪತ್ರ ಇರಲಿಲ್ಲ, ಅಷ್ಟೇ.

ಇದಕ್ಕೆ ಉತ್ತರವಾಗಿ ಈಗ ಒಂದು ಹೊಸ ಮಾತು ಎದ್ದಿದೆ. 2024ರಲ್ಲಿ ಬ್ರೆಜಿಲ್ ದೊಡ್ಡ ಆರ್ಥಿಕತೆಗಳ ಗುಂಪಾದ ಜಿ20ರ ಅಧ್ಯಕ್ಷ ಸ್ಥಾನದಲ್ಲಿತ್ತು. ಆಗ ಗೇಬ್ರಿಯಲ್ ಝುಕ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ಜಗತ್ತಿನ ಸುಮಾರು 3,000 ಶತಕೋಟ್ಯಧಿಪತಿಗಳು ವರ್ಷಕ್ಕೆ ತಮ್ಮ ಆಸ್ತಿಯ ಕನಿಷ್ಠ ಶೇ 2ರಷ್ಟಾದರೂ ತೆರಿಗೆ ಕಟ್ಟುವಂತಾಗಬೇಕು ಅಂದರು. ಅವರ ಲೆಕ್ಕದಲ್ಲಿ ವರ್ಷಕ್ಕೆ 200ರಿಂದ 250 ಶತಕೋಟಿ ಡಾಲರ್ ಸಿಗುತ್ತದೆ. ಅತಿ ಶ್ರೀಮಂತರ ಮೇಲೆ ತೆರಿಗೆ ಹಾಕಲು ಕೂಡಿ ಕೆಲಸ ಮಾಡೋಣ ಅಂತ ಆ ವರ್ಷದ ನವೆಂಬರ್‌ನಲ್ಲಿ ರಿಯೊದಲ್ಲಿ ಜಿ20 ನಾಯಕರು ಘೋಷಣೆಯಲ್ಲಿ ಬರೆದರು. ಬರೆದದ್ದು ಇನ್ನೂ ತೆರಿಗೆ ಆಗಿಲ್ಲ. ಇದು ವಿಪರೀತ ಆಯಿತು, ಶ್ರೀಮಂತರು ಓಡಿಹೋಗುತ್ತಾರೆ ಅಂತ ಗಲಾಟೆಯೂ ನಡೆದಿದೆ. ನಮ್ಮ ಕಲಬುರಗಿಯಲ್ಲಿ ಮಧ್ಯಮ ವರ್ಗದ ಎಷ್ಟೋ ಮುಸ್ಲಿಂ ಕುಟುಂಬಗಳು ರಂಜಾನ್ ತಿಂಗಳಿನಲ್ಲಿ ಚಿನ್ನ, ಉಳಿತಾಯ ಎಲ್ಲ ಲೆಕ್ಕ ಹಾಕಿ ಶೇ 2.5 ತೆಗೆದಿಡುತ್ತವೆ. ಅವರು ಎಲ್ಲೂ ಓಡಿಹೋಗಿಲ್ಲ.

ಸಾಲದ ಕಥೆ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಧರ್ಮ, ನೀತಿ, ನಾಯಕತ್ವ ಮೂರೂ ಕೂಡಿದರೆ ಏನಾಗುತ್ತದೆ ಅನ್ನುವುದಕ್ಕೆ ಕಣ್ಣೆದುರಿನ ಉದಾಹರಣೆ ಇದು.

ತೊಗರಿ ಬೆಳೆಯುವ ಮನೆಗಳಿಗೆ ಸಾಲ ಹೇಗೆ ಬೆಳೆಯುತ್ತದೆ ಅಂತ ಗೊತ್ತು. ಬೀಜಕ್ಕೆ ಸಾಲ, ಔಷಧಿಗೆ ಸಾಲ. ಮಳೆ ಕೈಕೊಟ್ಟರೆ, ಇಲ್ಲವೇ ಜಾಸ್ತಿ ಬಿದ್ದು ಹೊಲದಲ್ಲಿ ನೀರು ನಿಂತರೆ, ಹಳೆ ಸಾಲದ ಬಡ್ಡಿ ಕಟ್ಟಲು ಹೊಸ ಸಾಲ. ಬಡವನಿಗೆ ಬಡ್ಡಿ ದರವೂ ಜಾಸ್ತಿ, ಯಾಕಂದರೆ ವಾಪಸ್ ಬರುತ್ತದೋ ಇಲ್ಲವೋ ಅಂತ ಕೊಡುವವನಿಗೆ ಅನುಮಾನ. ದೇಶಗಳ ಕಥೆಯೂ ಇದೇ. ಆಫ್ರಿಕಾದ ದೇಶಗಳು ಸರಾಸರಿಯಲ್ಲಿ ಅಮೆರಿಕಕ್ಕಿಂತ ನಾಲ್ಕು ಪಟ್ಟು ಜಾಸ್ತಿ ಬಡ್ಡಿಗೆ ಸಾಲ ತರುತ್ತವೆ ಅಂತ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆ ಲೆಕ್ಕ ಕೊಟ್ಟಿದೆ. ಅದೇ ಸಂಸ್ಥೆಯ 2024ರ ವರದಿಯಂತೆ ಜಗತ್ತಿನ 330 ಕೋಟಿ ಜನ ಇರುವ ದೇಶಗಳಲ್ಲಿ ಶಿಕ್ಷಣಕ್ಕೋ ಆರೋಗ್ಯಕ್ಕೋ ಮಾಡುವ ಖರ್ಚಿಗಿಂತ ಬಡ್ಡಿಗೆ ಕಟ್ಟುವ ಹಣವೇ ಜಾಸ್ತಿ. ಸಾಲ ತಂದವರು ಒಂದು ಕಾಲದ ಸರ್ವಾಧಿಕಾರಿಗಳು, ತೀರಿಸುತ್ತಿರುವವರು ಆಗ ಹುಟ್ಟಿರದ ಮಕ್ಕಳು. ಇದೂ ಎಷ್ಟೋ ಕಡೆ ನಡೆದಿದೆ.

ಯಹೂದಿ, ಕ್ರೈಸ್ತ ಧರ್ಮಗ್ರಂಥದಲ್ಲಿ ಜೂಬಿಲಿ ಅನ್ನುವ ಒಂದು ಪದ್ಧತಿ ಇದೆ. ಐವತ್ತು ವರ್ಷಕ್ಕೊಮ್ಮೆ ಕಷ್ಟಕ್ಕೆ ಮಾರಿದ ಹೊಲ ಮೂಲ ಮನೆತನಕ್ಕೆ ವಾಪಸ್, ಸಾಲಕ್ಕೆ ಜೀತಕ್ಕೆ ಬಿದ್ದವರಿಗೆ ಬಿಡುಗಡೆ. ಒಂದು ತಲೆಮಾರಿನ ಕಷ್ಟ ಮುಂದಿನ ತಲೆಮಾರಿನ ಹಣೆಬರಹ ಆಗಬಾರದು ಅನ್ನುವುದು ಅದರ ಹಿಂದಿನ ಯೋಚನೆ. 1990ರ ದಶಕದಲ್ಲಿ ಬ್ರಿಟನ್ನಿನ ಚರ್ಚುಗಳು, ನೆರವು ಸಂಸ್ಥೆಗಳು ಇದನ್ನೇ ಹಿಡಿದು 2000ದ ಹೊತ್ತಿಗೆ ಬಡ ದೇಶಗಳ ಸಾಲ ಮನ್ನಾ ಮಾಡಿ ಅಂತ ಚಳವಳಿ ಶುರುಮಾಡಿದವು. 1998ರ ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಜಿ8 ನಾಯಕರು ಸೇರಿದ್ದಾಗ ಸುಮಾರು 70,000 ಜನ ಕೈಕೈ ಹಿಡಿದು ನಗರದ ಸುತ್ತ ಸರಪಳಿ ಕಟ್ಟಿದರು. ಒಂದು ಮನುಷ್ಯ ಸರಪಳಿಯಿಂದ ಏನಾಗುತ್ತದೆ ಅಂತ ಅನ್ನಿಸಬಹುದು. ಆದರೆ ಆ ವಿಷಯ ಅಲ್ಲಿಂದ ಮುಂದೆ ಪಕ್ಕಕ್ಕೆ ಸರಿಯಲಿಲ್ಲ. 1996ರಲ್ಲಿ ಶುರುವಾಗಿದ್ದ ಸಾಲ ಪರಿಹಾರದ ಯೋಜನೆ ದೊಡ್ಡದಾಯಿತು, 2005ರಲ್ಲಿ ಇನ್ನೊಂದು ಯೋಜನೆ ಸೇರಿತು. ಎರಡೂ ಕೂಡಿ 37 ದೇಶಗಳ 100 ಶತಕೋಟಿ ಡಾಲರ್‌ಗಿಂತ ಜಾಸ್ತಿ ಸಾಲ ಇಳಿಯಿತು. ಅದರಲ್ಲಿ 31 ದೇಶ ಆಫ್ರಿಕಾದವು. ತಾಂಜಾನಿಯ 2001ರಲ್ಲಿ ಪ್ರಾಥಮಿಕ ಶಾಲೆಯ ಫೀ ತೆಗೆದುಹಾಕಿತು, ಸಾಲ ಇಳಿದು ಉಳಿದ ಹಣ ಅದಕ್ಕೆ ಒದಗಿತು. ಮಕ್ಕಳು ಶಾಲೆಗೆ ನುಗ್ಗಿ ಬಂದರು.

ಇಲ್ಲಿ ಧರ್ಮ ಮಾಡಿದ್ದು ಒಂದು ಪದ ಕೊಟ್ಟದ್ದು. ಸಾಲ ತೀರಿಸಲಾಗದವನು ಪಾಪಿ ಅನ್ನುವ ಜಾಗದಲ್ಲಿ, ತೀರಿಸಲಾಗದ ಸಾಲವನ್ನು ಹೇರಿ ಕೂತವನದೂ ತಪ್ಪು ಅಂತ ಹೇಳುವ ಧೈರ್ಯ ಕೊಟ್ಟಿತು. ಜನ ಅದನ್ನು ಬೀದಿಗೆ ತಂದರು. ನಾಯಕರು ಕೊನೆಗೆ ಸಹಿ ಹಾಕಿದರು. ಈ ಮೂರರಲ್ಲಿ ಯಾವುದನ್ನು ತೆಗೆದರೂ ಕೆಲಸ ಆಗುತ್ತಿರಲಿಲ್ಲ. ಆದರೆ ಸಾಲ ಹುಟ್ಟುವ ವ್ಯವಸ್ಥೆ ಬದಲಾಗಲಿಲ್ಲ. ಅದಕ್ಕೇ ಕಾಲು ಶತಮಾನದಲ್ಲಿ ಹಳೆ ಹೊರೆ ಮತ್ತೆ ತಲೆ ಮೇಲೆ ಬಂದಿದೆ. ಕ್ಯಾಥೊಲಿಕ್ ಚರ್ಚಿಗೆ ಜೂಬಿಲಿ ವರ್ಷವಾಗಿದ್ದ 2025ಕ್ಕೆ ಮುನ್ನ ಪೋಪ್ ಫ್ರಾನ್ಸಿಸ್ ಸಾಲ ಮನ್ನಾದ ಮಾತನ್ನು ಮತ್ತೆ ಎತ್ತಬೇಕಾಯಿತು.

ಕೋವಿಡ್ ಲಸಿಕೆಯಲ್ಲಿ ಇಂಥ ಗೆಲುವು ಸಿಗಲಿಲ್ಲ. ಭಾರತದಲ್ಲಿ ಕೋವಿಡ್‌ನಿಂದ ಮೊದಲ ಸಾವು ಆದದ್ದು ನಮ್ಮ ಕಲಬುರಗಿಯವರದೇ, 2020ರ ಮಾರ್ಚ್‌ನಲ್ಲಿ. ಆ ಭಯ ನಾವು ಎಲ್ಲರಿಗಿಂತ ಮೊದಲು ಕಂಡೆವು. ಆ ಅಕ್ಟೋಬರ್‌ನಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾ ಲಸಿಕೆ, ಔಷಧಿಗಳ ಪೇಟೆಂಟ್ ಸ್ವಲ್ಪ ಕಾಲ ಸಡಿಲಿಸಿ ಅಂತ ವಿಶ್ವ ವ್ಯಾಪಾರ ಸಂಸ್ಥೆಯನ್ನು ಕೇಳಿದವು. ಒಂದು ಸಣ್ಣ ಒಪ್ಪಿಗೆ ಸಿಗಲು 2022ರ ಜೂನ್ ಆಯಿತು. 2021 ಮುಗಿಯುವಾಗ ಅತಿ ಬಡ ದೇಶಗಳಲ್ಲಿ ಹತ್ತರಲ್ಲಿ ಒಬ್ಬರಿಗೂ ಒಂದು ಡೋಸ್ ಸಿಕ್ಕಿರಲಿಲ್ಲ. ಎರಡನೇ ಅಲೆ ಬಂದಾಗ ನಮ್ಮ ದೇಶವೂ ರಫ್ತು ನಿಲ್ಲಿಸಿತು ಅನ್ನುವುದನ್ನೂ ಹೇಳಬೇಕು. ನಮ್ಮ ಮನೆಗೆ ಬೆಂಕಿ ಬಿದ್ದಾಗ ನಾವೂ ಬಾಗಿಲು ಹಾಕಿಕೊಂಡೆವು.

ನಾಯಕ ಎಲ್ಲಿ ನಿಲ್ಲಬೇಕು?

ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1986ರಲ್ಲಿ ಒಂದು ಗುಡಿಯ ಚಾವಣಿ ಕುಸಿಯಿತು. ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲನ್ನು ಎತ್ತಿ ನೋಡಿದರೆ ಅದರ ಮೇಲೆ ಅಶೋಕನ ಶಾಸನ. ಎಲ್ಲ ಜನರೂ ನನ್ನ ಮಕ್ಕಳು, ನನ್ನ ಮಕ್ಕಳಿಗೆ ಏನು ಬಯಸುತ್ತೇನೋ ಅದನ್ನೇ ಎಲ್ಲರಿಗೂ ಬಯಸುತ್ತೇನೆ ಎನ್ನುವ ಶಾಸನ ಇದರಲ್ಲಿದೆ. ಆ ಮಾತನ್ನು ಎಲ್ಲರೂ ಹೇಳುತ್ತಾರೆ. ಅದೇ ಶಾಸನದಲ್ಲಿ ಅಧಿಕಾರಿಗಳಿಗೆ ಕೊಟ್ಟ ಎಚ್ಚರಿಕೆ ಇನ್ನೂ ಮುಖ್ಯ ಅಂತ ನನಗೆ ಅನ್ನಿಸುತ್ತದೆ. ಹೊಟ್ಟೆಕಿಚ್ಚು, ಸಿಟ್ಟು, ಕ್ರೌರ್ಯ, ಅವಸರ, ಸೋಮಾರಿತನ, ದಣಿವು, ಇವು ಇದ್ದರೆ ನ್ಯಾಯ ಮಾಡಲು ಆಗುವುದಿಲ್ಲ ಅಂತ ರಾಜ ಬರೆಸಿದ್ದಾನೆ. ಕರುಣೆ ಮನಸ್ಸಿನಲ್ಲಿ ಇದ್ದರೆ ಸಾಲದು, ಕಚೇರಿಯ ಕೆಲಸದಲ್ಲಿ ಕಾಣಬೇಕು ಅಂತ ಅವನಿಗೆ ಗೊತ್ತಿತ್ತು. ಅದೇ ಕಲ್ಲಿನ ಇನ್ನೊಂದು ಶಾಸನ ತನ್ನ ಪಂಥವನ್ನು ಹೊಗಳಿ ಇನ್ನೊಬ್ಬರ ಪಂಥವನ್ನು ತೆಗಳಬೇಡ ಅನ್ನುತ್ತದೆ. ಬಡತನದ ಕೆಲಸಕ್ಕೆ ಇಳಿಯುವ ಧರ್ಮಸಂಸ್ಥೆಗಳು ಮೊದಲು ಓದಬೇಕಾದ ಸಾಲು ಅದು. ನೆರವನ್ನೇ ತಮ್ಮ ಪಂಥಕ್ಕೆ ಜನರನ್ನು ಸೆಳೆಯುವ ಗಾಳ ಮಾಡಿಕೊಂಡರೆ, ನಮ್ಮವರಿಗೆ ಮಾತ್ರ ಅಂದರೆ, ಪಂಕ್ತಿ ಅಲ್ಲೇ ಮುರಿಯುತ್ತದೆ.

ಬೀದರಿನ ಭಾಯಿ ಸಾಹಿಬ್ ಸಿಂಗ್ ಅವರ ಕಥೆ ನಮ್ಮ ಕಡೆಯವರಿಗೇ ಕಮ್ಮಿ ಗೊತ್ತು. ಕ್ಷೌರಿಕ ಸಮುದಾಯದವರು. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಗ್ ತಲೆ ಕೊಡುವವರು ಯಾರು ಅಂತ ಕೇಳಿದಾಗ ಎದ್ದುನಿಂತ ಐವರಲ್ಲಿ ಒಬ್ಬರು. ಆ ಐವರೂ ಬೇರೆ ಬೇರೆ ಜಾತಿಯವರು. ಅವರಿಗೆ ದೀಕ್ಷೆ ಕೊಟ್ಟ ಮೇಲೆ ಗುರುಗಳು ಅದೇ ಐವರ ಎದುರು ನಿಂತು ಈಗ ನನಗೆ ನೀವು ದೀಕ್ಷೆ ಕೊಡಿ ಅಂದರು. ನಾಯಕತ್ವದ ಬಗ್ಗೆ ಇದಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ. ನಿಯಮ ಮಾಡಿದವನು ಅದಕ್ಕೆ ಮೊದಲು ತಾನೇ ತಲೆಬಾಗಬೇಕು.

ಹಾಗೆ ನಡೆದವರಿಗೆ ಸುಖ ಸಿಕ್ಕಿತು ಅಂತಲ್ಲ. ಬಸವಣ್ಣ ಬಿಜ್ಜಳನ ಭಂಡಾರಿ, ಅಧಿಕಾರದ ಒಳಗೇ ಇದ್ದವನು. ಒಂದೇ ಪಂಕ್ತಿಯಲ್ಲಿ ಉಣ್ಣುವವರೆಗೆ ಕಲ್ಯಾಣ ಸಹಿಸಿಕೊಂಡಿತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಆದಾಗ ಸಹಿಸಲಿಲ್ಲ. ಇಬ್ಬರು ತಂದೆಯರಿಗೂ ಮರಣದಂಡನೆ ಆಯಿತು, ಶರಣರು ಚದುರಿಹೋದರು. ಅನ್ನ ಹಂಚಿದರೆ ಹೊಗಳುವ ಸಮಾಜ ಅಧಿಕಾರ, ಮಾನ, ಸಂಬಂಧ ಹಂಚಲು ಹೋದರೆ ತಿರುಗಿ ಬೀಳುತ್ತದೆ. ಜಗತ್ತಿನ ಮಟ್ಟದಲ್ಲೂ ಹಾಗೇ. ಗೋಧಿ ಮೂಟೆ ಕಳಿಸಲು ಎಲ್ಲರೂ ತಯಾರು. ದೇಶಗಳಿಗೆ ಸಾಲ ಕೊಡುವ ವಿಶ್ವ ಬ್ಯಾಂಕಿನಲ್ಲಿ, ಐಎಂಎಫ್‌ನಲ್ಲಿ ಮತದ ಪಾಲು ಹಂಚಿಕೊಳ್ಳಿ ಅಂದಾಗ ಮಾತು ನಿಲ್ಲುತ್ತದೆ.

ಕಲಬುರಗಿಯ ಬುದ್ಧ ವಿಹಾರಕ್ಕೆ ಹೋದಾಗಲೆಲ್ಲ ಅಂಬೇಡ್ಕರ್ ಅವರ 1949ರ ನವೆಂಬರ್ 25ರ ಭಾಷಣ ನೆನಪಾಗುತ್ತದೆ. ರಾಜಕೀಯದಲ್ಲಿ ಸಮಾನತೆ ಬರುತ್ತದೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಉಳಿಯುತ್ತದೆ, ಈ ವಿರೋಧಾಭಾಸವನ್ನು ಎಷ್ಟು ದಿನ ಸಹಿಸುತ್ತೀರಿ ಅಂತ ಅವರು ಕೇಳಿದ್ದರು. ಅದೇ ಭಾಷಣದಲ್ಲಿ, ಧರ್ಮದಲ್ಲಿ ಭಕ್ತಿ ಆತ್ಮಕ್ಕೆ ದಾರಿ ಆಗಬಹುದು, ರಾಜಕೀಯದಲ್ಲಿ ವ್ಯಕ್ತಿಪೂಜೆ ಸರ್ವಾಧಿಕಾರಕ್ಕೆ ದಾರಿ ಅಂತ ಎಚ್ಚರಿಸಿದ್ದರು. ಧರ್ಮ ಮತ್ತು ನಾಯಕತ್ವವನ್ನು ಒಟ್ಟಿಗೆ ಇಟ್ಟು ಮಾತಾಡುವಾಗ ಈ ಗೆರೆ ಮರೆಯಬಾರದು. ದಾಸೋಹ ಮಾಡಿದ ನಾಯಕನನ್ನೂ ಪ್ರಶ್ನೆ ಕೇಳುವ ಹಾಗಿರಬೇಕು. ದಾಸೋಹ ಮಾಡುವ ಮಠ, ದರ್ಗಾ, ಗುಡಿಯನ್ನೂ ಕೇಳುವ ಹಾಗಿರಬೇಕು. ಒಂದು ದಿನದ ಜಾತ್ರೆಯಲ್ಲಿ ಒಟ್ಟಿಗೆ ಉಂಡು, ಊರಿಗೆ ಹೋದ ಮೇಲೆ ದಲಿತರ ಕೇರಿಯನ್ನು ದೂರವೇ ಇಡುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ.

ನಾವು ಕೇಳಿದ ಪಾಲು

ಹಕ್ಕು ಮತ್ತು ದಯೆಯ ವ್ಯತ್ಯಾಸ ನಮಗೆ ಕಥೆಯಿಂದ ಮಾತ್ರ ಗೊತ್ತಿರುವುದಲ್ಲ. 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಕನ್ನಡ ನಾಡಿಗೆ ಸೇರಿದ ಭಾಗ ನಮ್ಮದು. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳನ್ನು ಅಳೆದು ನೋಡಿತು. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ನಮ್ಮ ವಿಭಾಗದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36, ಯಾದಗಿರಿಯದು ಶೇ 51.83. ಅಲ್ಲಿಯ ಹೆಣ್ಣುಮಕ್ಕಳದು ಶೇ 41 ಚಿಲ್ಲರೆ. ಒಂದೇ ರಾಜ್ಯದ ಒಳಗೆ ಇಷ್ಟು ಅಂತರ.

ಇದಕ್ಕೆ ವರ್ಷ ವರ್ಷ ಪ್ಯಾಕೇಜ್ ಘೋಷಣೆ ಆಗುತ್ತಿತ್ತು. ಪ್ಯಾಕೇಜ್ ಅಂದರೆ ಕೊಡುವವರ ಮನಸ್ಸು. ವೈಜನಾಥ ಪಾಟೀಲರಂಥವರು ದಶಕಗಟ್ಟಲೆ ಹೋರಾಡಿ ಕೇಳಿದ್ದು ಬೇರೆ. ಸಂವಿಧಾನದಲ್ಲೇ ಬರೆಯಿರಿ ಅಂದರು. 2012ರಲ್ಲಿ 98ನೇ ತಿದ್ದುಪಡಿ ಪಾಸಾಗಿ 371ಜೆ ವಿಧಿ ಬಂತು. ಈ ಭಾಗದ ಮಕ್ಕಳಿಗೆ ಸೀಟು, ನೌಕರಿಯಲ್ಲಿ ಮೀಸಲು, ಅಭಿವೃದ್ಧಿಗೆ ಪ್ರತ್ಯೇಕ ಮಂಡಳಿ. ಹುದ್ದೆ ಖಾಲಿ ಉಳಿದಿವೆ, ಹಣ ಸರಿಯಾದ ಕಡೆ ಹೋಗುತ್ತಿಲ್ಲ ಅನ್ನುವ ದೂರು ಇಂದಿಗೂ ಇದೆ, ಗುಳೆ ಬಸ್ಸುಗಳೂ ನಿಂತಿಲ್ಲ. ಆದರೂ ಒಂದು ದೊಡ್ಡ ಬದಲಾವಣೆ ಆಗಿದೆ. ಸೀಟು ಸಿಗದ ಹುಡುಗಿ ಈಗ ಯಾರ ಮನೆ ಬಾಗಿಲಿಗೂ ಹೋಗಿ ನಿಲ್ಲಬೇಕಾಗಿಲ್ಲ. ಕೋರ್ಟಿಗೆ ಹೋಗಬಹುದು. ಬಡ ದೇಶಗಳು ವಿಶ್ವಸಂಸ್ಥೆಯಲ್ಲಿ ತೆರಿಗೆ ಒಪ್ಪಂದ ಬೇಕು ಅಂತ ಹಟ ಹಿಡಿದಿರುವುದೂ ಇಂಥ ಒಂದು ಕಾಗದಕ್ಕಾಗಿಯೇ. ಆಫ್ರಿಕಾದ ದೇಶಗಳು ಮುಂದೆ ನಿಂತು ಒತ್ತಾಯಿಸಿದ ಮೇಲೆ ಆ ಮಾತುಕತೆಯ ಚೌಕಟ್ಟಿಗೆ 2024ರ ಡಿಸೆಂಬರ್‌ನಲ್ಲಿ ಮಹಾಸಭೆಯ ಒಪ್ಪಿಗೆ ಸಿಕ್ಕಿದೆ.

ಲಾಕ್‌ಡೌನ್ ದಿನ ಸೆರಗು ಎಳೆದುಕೊಂಡಿದ್ದ ಆ ಹೆಂಗಸನ್ನು ನಾನು ಮುಂದೆ ಒಂದು ದಿನ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನೋಡಿದೆ. 2013ರ ಆಹಾರ ಭದ್ರತಾ ಕಾಯ್ದೆಯಿಂದ ಬರುವ ಅಕ್ಕಿ, ಅವರ ಹೆಸರಿನ ಕಾರ್ಡು. ತೂಕದಲ್ಲಿ ಏನೋ ಕಮ್ಮಿ ಬಿತ್ತು. ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಕ್ಕಡಿ ಎದುರಿಗೇ ನಿಂತರು. "ಇನ್ನೊಮ್ಮೆ ಹಾಕ್ರಿ. ನನ್ನ ಪಾಲ್ ಐತಿ ಅದು" ಅಂದರು. ಅಂಗಡಿಯವನು ಇನ್ನೊಮ್ಮೆ ತೂಗಿದ.